ಸೇತುರಾಮ ನಿಂಬೆತೋಟ ತೆಗೆದದ್ದು

ಜಯನಗರದ ಮೂರನೇ ಬ್ಲಾಕಿನ ಸೇತುರಾಮನಿಗೆ ಫೋಟೋ ತೆಗೆಯುವುದು ಚೆನ್ನಾಗಿ ಬರುತ್ತಿತ್ತು. ತೆಗೆದ ಫೋಟೋದಲ್ಲಿ ಏನಾದರೂ ಬರುವುದು ಮಾತ್ರ ಅಪರೂಪವಾಗಿತ್ತು. ಮಾವನವರ ಷಷ್ಟ್ಯಬ್ದಿಗೆ ಹನ್ನೆರಡು ಪ್ಲೇಟು ತೆಗೆದಿದ್ದ. ಹನ್ನೊಂದರಲ್ಲಿ ಹೋಮದ ಹೊಗೆ ಬಂದಿತ್ತು, ಹನ್ನೆರಡನೆಯದರಲ್ಲಿ ಪುರೋಹಿತರ ಬೆನ್ನು. "ಹೊಗೆ ಎಷ್ಟು ಸೊಗಸಾಗಿ ಬಂದಿದೆ ನೋಡಿ ಮಾವ" ಎಂದು ತೋರಿಸಿದ. ಮಾವ ಏನೂ ಹೇಳಲಿಲ್ಲ. ಅಲ್ಲಿಂದ ಆರು ತಿಂಗಳು ಏನೂ ಹೇಳಲಿಲ್ಲ.

ಸೇತುರಾಮ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮೂವತ್ತಾರು ವಯಸ್ಸು, ಸೈಕಲ್ಲು, ಸೋಲಾ ಟೋಪಿ, ಮತ್ತು ಯಾವ ಸೋಲಿಗೂ ಬಗ್ಗದ ಆತ್ಮವಿಶ್ವಾಸ ಇಷ್ಟು ಅವನ ಆಸ್ತಿ. ಕ್ಯಾಮೆರಾ ಬಂದದ್ದು ಅವೆನ್ಯೂ ರಸ್ತೆಯಲ್ಲಿ ಬಾಗಿಲು ಮುಚ್ಚಿದ ಒಂದು ಸ್ಟುಡಿಯೋದಿಂದ. ತೇಗದ ಪೆಟ್ಟಿಗೆ, ಹಾರ್ಮೋನಿಯಂ ತಿದಿಯಂಥ ಮಡಿಕೆ, ಹಿತ್ತಾಳೆಯ ಮೂತಿ, ಎದೆಮಟ್ಟದ ಮೂರು ಕಾಲಿನ ಸ್ಟ್ಯಾಂಡು, ತೆಗೆಯುವವನು ಮುಸುಕು ಹಾಕಿಕೊಳ್ಳಲು ಒಂದು ಕರಿಯ ಬಟ್ಟೆ. ಒಂದು ಫೋಟೋ ತೆಗೆಯಲು ಮೂತಿಯ ಮುಚ್ಚಳ ತೆಗೆದು, "ಒಂದು, ಎರಡು, ಮೂರು" ಎಣಿಸಿ, ಮತ್ತೆ ಮುಚ್ಚಬೇಕು.

ಇಂಥ ಕ್ಯಾಮೆರಾದಲ್ಲಿ ಚಿಟ್ಟೆಯ ಫೋಟೋ ತೆಗೆಯುವುದು ಬಾಂಡ್ಲಿಯಲ್ಲಿ ಮಿಂಚು ಹಿಡಿದಂತೆ ಎಂದು ಯಾರಾದರೂ ಹೇಳಿಯಾರು. ಆದರೆ ಒಂದು ಬೆಳಿಗ್ಗೆ ಹಿತ್ತಲಿನ ಕರಿಬೇವಿನ ಗಿಡದಲ್ಲಿ ಸೇತುರಾಮ ಒಂದು ಸಂಗತಿ ಕಂಡ. ಗೂಡು ಬಿರಿದು ಆಗತಾನೇ ಹೊರಬಂದ ಚಿಟ್ಟೆ ಒದ್ದೆ ರೆಕ್ಕೆ ಒಣಗುವ ತನಕ ಕದಲದೆ ಜೋತುಬಿದ್ದಿರುತ್ತದೆ. ಅರ್ಧ ಗಂಟೆ, ಕೆಲವು ಸಲ ಮುಕ್ಕಾಲು ಗಂಟೆ. ಅವನು ಸ್ಟ್ಯಾಂಡು ಹೂಡಿ, ಮುಸುಕು ಹಾಕಿ, ನಿಧಾನವಾಗಿ ಮೂರು ಎಣಿಸಿದ. ರೆಕ್ಕೆಯ ಒಂದೊಂದು ಚುಕ್ಕೆಯೂ ಬಂತು. ವಾರಪತ್ರಿಕೆಯೊಂದಕ್ಕೆ ಕಳಿಸಿದ, ಅಚ್ಚಾಯಿತು. ಹದಿನೈದು ರೂಪಾಯಿಯ ಮನಿಯಾರ್ಡರ್ ಬಂತು. ಅದಾದ ಹದಿನೈದು ದಿನಕ್ಕೆ ಚಿಕ್ಕಪೇಟೆಯ ಪ್ರೆಸ್ಸಿನ ಮಾಲೀಕ ಚಕ್ರಪಾಣಿಯವರ ಕಾರ್ಡು ಬಂತು. ಹೊಸ ವರ್ಷದ ಕ್ಯಾಲೆಂಡರಿಗೆ ಹನ್ನೆರಡು ಚಿಟ್ಟೆ ಬೇಕು, ದೀಪಾವಳಿಯೊಳಗೆ ಕೊಡಬೇಕು, ಬಣ್ಣ ಪ್ರೆಸ್ಸಿನಲ್ಲಿ ಹಾಕಿಕೊಳ್ಳುತ್ತಾರೆ.

"ಕಾತ್ಯಾಯಿನಿ, ಇನ್ನು ಮೇಲೆ ನಾನು ಗುಮಾಸ್ತ ಅಂತ ಯಾರಿಗೂ ಹೇಳಬೇಡ" ಎಂದ ಸೇತುರಾಮ.

"ಕಚೇರಿಗೆ ಹೋಗಲ್ವಾ?" ಎಂದಳು ಅವನ ಹೆಂಡತಿ.

"ಹೋಗ್ತೀನಿ. ಹೇಳಬೇಡ ಅಂದೆ ಅಷ್ಟೆ."

ತೊಂದರೆ ಇದ್ದದ್ದು ಕರಿಬೇವಿನದು. ಇದ್ದದ್ದು ಒಂದೇ ಗಿಡ. ಅದರ ಎಲೆ ಹುಳಕ್ಕೋ ಸಾರಿಗೋ ಎಂಬ ಪ್ರಶ್ನೆಯನ್ನು ಕಾತ್ಯಾಯಿನಿ ಒಂದೇ ದಿನದಲ್ಲಿ, ಪೊರಕೆಯ ಸಹಾಯದಿಂದ, ಇತ್ಯರ್ಥ ಮಾಡಿದಳು. ಈ ಚಿಟ್ಟೆ ನಿಂಬೆಗಿಡದಲ್ಲೂ ಮೊಟ್ಟೆ ಇಡುತ್ತದೆ, ಯಡಿಯೂರಿನ ಕೆರೆಯ ಹತ್ತಿರ ಒಳ್ಳೆಯ ನಿಂಬೆತೋಟ ಇದೆ ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ಶ್ರಾವಣದ ಮೊದಲನೇ ಭಾನುವಾರ ಸೇತುರಾಮ ಸ್ಟ್ಯಾಂಡನ್ನು ಸೈಕಲ್ಲಿನ ಉದ್ದಕ್ಕೆ ಬಿಗಿದು ಹೊರಟ. ಹುಳ ಇರುವ ಗಿಡ ಮುಂದಿನ ವಾರ ಗುರುತು ಸಿಗಬೇಕಲ್ಲ, ಅದಕ್ಕೆಂದು ಜೇಬಿನ ತುಂಬ ಕಚೇರಿಯಲ್ಲಿ ಫೈಲು ಕಟ್ಟುವ ಕೆಂಪು ಲಾಡಿ ತುಂಬಿಕೊಂಡ.

ತೋಟ ತಿಮ್ಮರಾಯಪ್ಪನದು. ಮೊದಲು ಅವರಿಗೆ ರಾಗಿ ಹೊಲವೂ ಇತ್ತು. ಆ ಹೊಲದ ಮೇಲೆ ಈಗ ಜಯನಗರ ಇತ್ತು. ಕಾತ್ಯಾಯಿನಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಜಾಗದಲ್ಲಿ ಹತ್ತು ವರ್ಷದ ಕೆಳಗೆ ತಿಮ್ಮರಾಯಪ್ಪನ ತಾಯಿ ಮುನಿಲಕ್ಷ್ಮಮ್ಮ ಅವರೆಕಾಯಿ ಬಿಡಿಸುತ್ತಿದ್ದಳು ಎಂದರೂ ತಪ್ಪಾಗದು. ಆದ್ದರಿಂದ ಆ ಊರಿನವರಿಗೆ ಮೂರು ಕಾಲಿನ ಯಂತ್ರ ಹಿಡಿದು ಬರುವ ಟೋಪಿಯವರ ವಿಷಯ ಚೆನ್ನಾಗಿ ಗೊತ್ತಿತ್ತು. ಅಂಥವನು ಬಂದ ಮರುವರ್ಷ ಹೊಲ ಇರುತ್ತಿರಲಿಲ್ಲ.

ಮುನಿಲಕ್ಷ್ಮಮ್ಮ ಹುಲ್ಲಿನ ಹೊರೆ ಹೊತ್ತು ಬರುವಾಗ ಬಾವಿಯ ಪಕ್ಕದ ಗಿಡದ ಮುಂದೆ ಮೂರು ಕಾಲು ನಿಂತಿತ್ತು. ಅದರ ಹಿಂದೆ ಕರಿಯ ಮುಸುಕಿನೊಳಗೆ ಇನ್ನೆರಡು ಕಾಲು ಕಾಣುತ್ತಿತ್ತು. ಐದಾರು ಗಿಡಕ್ಕೆ ಆಗಲೇ ಕೆಂಪು ಲಾಡಿ ಬಿದ್ದಿತ್ತು. ಆ ಲಾಡಿಯ ಗುರುತು ಅವಳಿಗೆ ಹತ್ತಿತು. ಅವಳ ಗಂಡನ ಬದುವಿನ ವ್ಯಾಜ್ಯ ಹನ್ನೊಂದು ವರ್ಷ ಕೋರ್ಟಿನಲ್ಲಿ ಇದ್ದದ್ದು ಅಂಥದೇ ಲಾಡಿಯೊಳಗೆ.

"ಯಾರಪ್ಪಾ ಅದು, ಮುಸುಕಾಕ್ಕಂಡಿರೋದು?"

ಸೇತುರಾಮ ಮುಸುಕಿನಿಂದ ಹೊರಬಂದು ಟೋಪಿ ಇಟ್ಟುಕೊಂಡ. ಟೋಪಿ ಕಂಡೊಡನೆ ಅಪ್ಪ ಎಂದದ್ದು ಸಾಮಿ ಆಯಿತು.

"ಏನ್ ಮಾಡ್ತಿದ್ದೀರಿ ಸಾಮಿ?"

"ತೆಗೆಯೋಕೆ ಬಂದಿದೀನಮ್ಮ."

"ಏನು ತೆಗೆಯಾಕೆ?"

"ಈ ಸಾಲು ಮೊದಲು ತೆಗೀತೀನಿ. ಆಮೇಲೆ ಬಾವಿಯಿಂದ ಆ ಕಡೇದು. ದೀಪಾವಳಿ ಒಳಗೆ ಪೂರ್ತಿ ತೆಗೆದು ಮುಗಿಸಬೇಕು ಅಂತ ಆರ್ಡರಾಗಿದೆ."

"ಯಾರು ಮಾಡವ್ರೆ ಆಲ್ಡ್ರು?"

"ಚಕ್ರಪಾಣಿಯವರು" ಎಂದ ಸೇತುರಾಮ, ಆ ಹೆಸರು ಯಡಿಯೂರಿಗೂ ಗೊತ್ತಿರಬೇಕೆಂಬ ಧಾಟಿಯಲ್ಲಿ.

"ನಮ್ಮನ್ನ ಒಂದು ಮಾತು ಕೇಳ್ಬ್ಯಾಡ್ವಾ ಸಾಮಿ?"

ಸೇತುರಾಮನಿಗೆ ನಾಚಿಕೆಯಾಯಿತು. ಕೇಳದೆ ತೋಟಕ್ಕೆ ನುಗ್ಗಿದ್ದು ನಿಜ. "ಕೇಳಬೇಕಾಗಿತ್ತು, ತಪ್ಪಾಯ್ತು. ಆದ್ರೆ ನೀವೇನೂ ಯೋಚನೆ ಮಾಡಬೇಡಿ. ತೆಗೆದಾದ ಮೇಲೆ ನಿಮಗೂ ಒಂದು ಕಾಪಿ ಕಳಿಸ್ತೀನಿ" ಎಂದ.

ಮುನಿಲಕ್ಷ್ಮಮ್ಮ ಹೊರೆ ಅಲ್ಲೇ ಇಳಿಸಿ ಮನೆಯ ಕಡೆ ನಡೆದಳು. ಹನ್ನೊಂದು ವರ್ಷದ ವ್ಯಾಜ್ಯದಲ್ಲಿ ಅವಳ ಗಂಡನ ಕೈಗೆ ಬಂದದ್ದು ಬರೀ ಕಾಪಿ.

ಸಂಜೆ ಅರಳಿಕಟ್ಟೆಯಲ್ಲಿ ತಿಮ್ಮರಾಯಪ್ಪನೂ ಅವನ ಚಿಕ್ಕಪ್ಪ ಬೈರಣ್ಣನೂ ಊರಿನ ನಾಲ್ಕು ಜನರೂ ಕೂತರು. ಬೈರಣ್ಣನ ಹಿತ್ತಲು ತೋಟಕ್ಕೆ ಅಂಟಿಕೊಂಡೇ ಇತ್ತು. ಅಣ್ಣತಮ್ಮಂದಿರ ಪಾಲಿನ ಕಾಲದಿಂದ ಎರಡು ಮನೆಗೂ ಹಬ್ಬಕ್ಕೆ ಮಾತ್ರ ಮಾತು.

"ಈ ಚಕ್ರಪಾಣಿ ಅನ್ನೋರು ಯಾರು?" ಎಂದು ಒಬ್ಬ ಕೇಳಿದ.

"ಬಾಳ ದೊಡ್ಡೋರೇ ಇರ್ಬೇಕು" ಎಂದ ಬೈರಣ್ಣ. "ಸಣ್ಣ ಆಪೀಸರಾಗಿದ್ರೆ ಇಂಥಾ ಆಪೀಸು ಅಂತ ಏಳ್ತಿದ್ದ. ಬರೀ ಎಸರೇಳ್ದ ಅಂದ್ರೆ ನೀವೇ ತಿಳ್ಕಳಿ."

ಎಲ್ಲರೂ ತಿಳಿದುಕೊಂಡರು.

ಮಾರನೆಯ ಭಾನುವಾರ ಬೆಳಿಗ್ಗೆ ತಿಮ್ಮರಾಯಪ್ಪ ಮೂರು ಕಾಲಿನ ಯಂತ್ರದವರ ಮನೆ ಯಾವುದೆಂದು ಕೇಳಿಕೊಂಡು ಜಯನಗರಕ್ಕೆ ಬಂದ. ತಲೆಯ ಮೇಲೆ ಒಂದು ಕುಕ್ಕೆ ನಿಂಬೆಹಣ್ಣು, ಕೈಯಲ್ಲಿ ಒಂದು ಕುಡಿಕೆ ಮೊಸರು. ಸೇತುರಾಮ ಅವನನ್ನು ಕುರ್ಚಿಯ ಮೇಲೆ ಕೂರಿಸಲು ನೋಡಿದ. ತಿಮ್ಮರಾಯಪ್ಪ ನೆಲದ ಮೇಲೆ ಕೂತ. ಕಲಾವಿದನಿಗೆ ಹಳ್ಳಿಯ ಜನ ಕೊಡುವ ಗೌರವವೇ ಬೇರೆ ಎಂದುಕೊಂಡ ಸೇತುರಾಮ.

"ಸಾಮಿ, ಬಾವಿ ಕಡೇ ಸಾಲು ಒಂದು ಬಿಟ್ಬುಡಿ" ಎಂದ ತಿಮ್ಮರಾಯಪ್ಪ.

"ಅಯ್ಯೋ, ಅದೇ ಚೆನ್ನಾಗಿರೋದು ತಿಮ್ಮರಾಯಪ್ಪ. ಅದನ್ನ ಬಿಟ್ಟು ಮಿಕ್ಕಿದ್ದು ತೆಗೆದರೆ ಮೇಲಿನವರು ಒಪ್ಪಲ್ಲ."

"ನಮ್ಮಪ್ಪ ನೆಟ್ಟಿದ್ದು ಸಾಮಿ."

"ಯಾರು ನೆಟ್ಟರೇನು? ನನಗೆ ಗಿಡ ಮುಖ್ಯ ಅಲ್ಲ. ಹುಳ ಮುಖ್ಯ. ಹುಳ ಇರೋ ಗಿಡಕ್ಕೆ ಮಾತ್ರ ನಾನು ಲಾಡಿ ಕಟ್ಟೋದು. ಹುಳ ಇಲ್ಲ ಅಂದ್ರೆ ನಿಮ್ಮ ತೋಟದ ಕಡೆ ತಲೆ ಹಾಕಿಯೂ ಮಲಗಲ್ಲ."

ತಿಮ್ಮರಾಯಪ್ಪ ತಲೆಯೆತ್ತಿದ. "ಉಳ ಇಲ್ದಿದ್ರೆ ತೆಗೆಯಾಕಿಲ್ವಾ?"

"ಹುಳ ಇಲ್ಲದ ಮೇಲೆ ಏನು ಅಂತ ತೆಗೀಲಿ?"

"ಬತ್ತೀನಿ ಸಾಮಿ" ಎಂದು ತಿಮ್ಮರಾಯಪ್ಪ ಎದ್ದ. ಕಾತ್ಯಾಯಿನಿ ಕಾಫಿ ತರುವಷ್ಟರಲ್ಲಿ ಗೇಟು ದಾಟಿದ್ದ.

"ರೀ, ಒಂದು ಕುಕ್ಕೆ ನಿಂಬೆಹಣ್ಣು ಯಾಕೆ ಕೊಟ್ಟ ಈತ?" ಎಂದಳು ಅವಳು.

"ಕಲೆಗೆ ಬೆಲೆ ಕೊಡೋ ಜನ ಕಣೆ. ಇದು ನಿಮ್ಮ ಅಪ್ಪನಿಗೆ ಅರ್ಥ ಆಗಲ್ಲ."

ಕಾತ್ಯಾಯಿನಿ ಉಪ್ಪಿನಕಾಯಿಗೆ ಹೆಚ್ಚಲು ಕೂತಳು. ಆದರೆ ಗೇಟಿನ ಆಚೆ ತಿಮ್ಮರಾಯಪ್ಪನನ್ನು ಇನ್ನೊಬ್ಬರು ತಡೆದಿದ್ದರು. ಪಕ್ಕದ ಮನೆಯ ಪರಮಶಿವಯ್ಯನವರು ನಿವೃತ್ತ ಅಮಲ್ದಾರರು. ನಿವೃತ್ತಿ ಎಂಬುದು ಸರ್ಕಾರದ ಅಭಿಪ್ರಾಯವೇ ಹೊರತು ಅವರದಾಗಿರಲಿಲ್ಲ. ಬೆಳಿಗ್ಗೆ ಆರರಿಂದ ಕಾಂಪೌಂಡಿನ ಹತ್ತಿರ ಆರಾಮಕುರ್ಚಿ ಹಾಕಿಕೊಂಡು ಆ ಅಡ್ಡರಸ್ತೆಯ ಆಡಳಿತ ನಡೆಸುತ್ತಿದ್ದರು.

"ಏನಯ್ಯಾ, ಕುಕ್ಕೆ ತಂದೆ, ಬರಿಗೈಲಿ ಹೋಗ್ತಿದೀಯ. ಏನು ವಿಷಯ?"

ತಿಮ್ಮರಾಯಪ್ಪ ಕೈಕಟ್ಟಿ ಎಲ್ಲ ಹೇಳಿದ. ಯಂತ್ರ, ಲಾಡಿ, ಚಕ್ರಪಾಣಿಯವರ ಆರ್ಡರು, ದೀಪಾವಳಿಯ ಗಡುವು. ಪರಮಶಿವಯ್ಯನವರಿಗೆ ಇಪ್ಪತ್ತು ವರ್ಷ ಚಿಕ್ಕವರಾದಷ್ಟು ಹುರುಪು ಬಂತು. ಗುಮಾಸ್ತನೊಬ್ಬ ಸರ್ವೇಯರನ ವೇಷ ಹಾಕಿ ರೈತರಿಂದ ನಿಂಬೆಹಣ್ಣು ವಸೂಲು ಮಾಡುತ್ತಿದ್ದಾನೆ. ಅವರು ತಿಮ್ಮರಾಯಪ್ಪನಿಗೆ ಏನನ್ನೂ ಬಿಟ್ಟುಕೊಡದೆ ಕಳಿಸಿ, ಒಳಗೆ ಹೋಗಿ ಮೂರು ಪುಟದ ದೂರು ಬರೆದು, ಕೆಳಗೆ ದೊಡ್ಡದಾಗಿ ರುಜು ಹಾಕಿ, ಬಡಾವಣೆ ಮಾಡುವ ಲೇಔಟಿನ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಲು ಲಕೋಟೆಗೆ ಹಾಕಿದರು. ಸೇತುರಾಮನ ಮನೆಯಿಂದ ಆ ಮಧ್ಯಾಹ್ನ ಬಂದ ಮಜ್ಜಿಗೆಹುಳಿಯನ್ನು ಮಾತ್ರ, ಸಾಕ್ಷ್ಯದ ಒಂದು ಭಾಗವೆಂದು, ಊಟ ಮಾಡಿದರು.

ಮುಂದಿನ ಭಾನುವಾರ ಮಳೆ. ಗೂಡು ಕಟ್ಟುವ ಸಮಯ ತಪ್ಪಿಹೋಗಬಾರದೆಂದು ಸೇತುರಾಮ ಸೋಮವಾರ ರಜೆ ಹಾಕಿ ಯಡಿಯೂರಿಗೆ ಹೋದ. ತೋಟದ ಬಾಯಲ್ಲಿ ಊರಿನವರು ಸಾಲಾಗಿ ನಿಂತಿದ್ದರು. ತಿಮ್ಮರಾಯಪ್ಪ ಒಗೆದ ಪಂಚೆ ಉಟ್ಟಿದ್ದ.

"ಬನ್ನಿ ಸಾಮಿ, ನೋಡಿ. ಒಂದು ಉಳ ತೋರ್ಸಿ, ನಾನು ಮೀಸೆ ಬೋಳಿಸ್ಕಂತೀನಿ."

ಸೇತುರಾಮ ನೋಡಿದ. ಮೊದಲನೇ ಸಾಲು ನೋಡಿದ, ಬಾವಿಯ ಕಡೆಯದು ನೋಡಿದ. ಎಲೆ ಎಲೆಯನ್ನೂ ಮಗುವಿನ ಮುಖದಂತೆ ಒರೆಸಿ ಬೂದಿ ಎರಚಿದ್ದರು. ಒಂದು ಹುಳ ಇಲ್ಲ, ಒಂದು ಗೂಡಿಲ್ಲ. ಲಾಡಿಗಳೂ ಇದ್ದ ಕಡೆ ಇರಲಿಲ್ಲ. ಒಂದು ಬೈರಣ್ಣನ ಹಲಸಿನ ಮರದಲ್ಲಿತ್ತು, ಎರಡು ಅವನ ಬಾವಿಯ ರಾಟೆಯಲ್ಲಿ, ಒಂದು ಅವನ ಎಮ್ಮೆಯ ಕೊಂಬಿನಲ್ಲಿ. ಎಮ್ಮೆ ಅದನ್ನು ಕಟ್ಟಿಕೊಂಡು ಗಂಭೀರವಾಗಿ ಮೆಲುಕು ಹಾಕುತ್ತಿತ್ತು.

ಸೇತುರಾಮ ಟೋಪಿ ತೆಗೆದು ಬಾವಿಕಟ್ಟೆಯ ಮೇಲೆ ಕೂತ. ದೀಪಾವಳಿ ಕಣ್ಣ ಮುಂದಿತ್ತು. ಹನ್ನೆರಡು ತಿಂಗಳಲ್ಲಿ ಅವನ ಕೈಯಲ್ಲಿದ್ದದ್ದು ಒಂದು ತಿಂಗಳು. ಕಚೇರಿಯಲ್ಲಿ ಸೂಪರಿಂಟೆಂಡೆಂಟರಿಗೂ, ಬೀದಿಯಲ್ಲಿ ಹಾಲಿನವನಿಗೂ, ಮಾವನಿಗೆ ಒಂದು ಇನ್‌ಲ್ಯಾಂಡ್ ಕಾಗದದಲ್ಲೂ ಕ್ಯಾಲೆಂಡರಿನ ವಿಷಯ ತಿಳಿಸಿಯಾಗಿತ್ತು.

"ಯಾಕ್ರಪ್ಪಾ ಹೀಗೆ ಮಾಡಿದ್ರಿ" ಎಂದ. ಅವನ ಧ್ವನಿ ಕೇಳಿ ತಿಮ್ಮರಾಯಪ್ಪನಿಗೆ ಸ್ವಲ್ಪ ಕನಿಕರವೇ ಆಯಿತು. ತೋಟ ತಪ್ಪಿಹೋದದ್ದಕ್ಕೆ ಇಷ್ಟು ಸಂಕಟ ಪಡುವ ಅಧಿಕಾರಿಯನ್ನು ಅವನು ನೋಡಿರಲಿಲ್ಲ.

ಅಷ್ಟರಲ್ಲಿ ಕೆರೆ ಏರಿಯ ಕಡೆಯಿಂದ ಗದ್ದಲ ಕೇಳಿತು. ಬೈರಣ್ಣ ಇನ್ನಿಬ್ಬರ ಜೊತೆ ಒಬ್ಬ ತೆಳ್ಳನೆಯ ತರುಣನನ್ನು ರಟ್ಟೆ ಹಿಡಿದು ನಡೆಸಿಕೊಂಡು ಬರುತ್ತಿದ್ದ. ತರುಣ ಖಾಕಿ ಚಡ್ಡಿ ಹಾಕಿದ್ದ. ಅವನ ಮೂರು ಕಾಲಿನ ಯಂತ್ರ ಬೈರಣ್ಣನ ಹೆಗಲ ಮೇಲಿತ್ತು.

"ಸಾಮಿ, ಒಬ್ಬ ಕಳ್ಳ ಸರ್ವೇಯರು ಸಿಕ್ಕವ್ನೆ" ಎಂದ ಬೈರಣ್ಣ. "ಈ ತೋಟದಾಗೆ ಕಳ್ಳ ಸರ್ವೇಯರು ತಿರುಗಾಡ್ತಾವ್ನೆ, ಇಡಿಯಾಕೆ ಬಂದಿವ್ನಿ ಅಂತಾನೆ. ಅಂಗಾರೆ ನಮ್ಮ ಸಾಮಿ ಯಾರು ಅಂದೆ. ಬೆಬ್ಬೆಬ್ಬೆ ಅಂದ. ನೀವೇ ವಿಚಾರಿಸ್ಕಳಿ."

ತರುಣ ಸೇತುರಾಮನ ಟೋಪಿ, ಸ್ಟ್ಯಾಂಡು, ಸುತ್ತ ಕೈಕಟ್ಟಿ ನಿಂತ ಊರು, ಎಲ್ಲವನ್ನೂ ನೋಡಿ ನೆಟ್ಟಗೆ ನಿಂತ. "ರಾಮಪ್ರಸಾದ ಸಾರ್. ಲೇಔಟಿನ ಆಫೀಸು. ಒಂದು ದೂರು ಬಂದಿತ್ತು, ವಿಚಾರಿಸೋಕೆ ಬಂದೆ. ಕೆಲಸಕ್ಕೆ ಸೇರಿ ಎರಡು ತಿಂಗಳಾಯ್ತು. ತಮ್ಮದು ಯಾವ ಸೆಕ್ಷನ್ ಸಾರ್?"

"ಚಿಟ್ಟೆ" ಎಂದ ಸೇತುರಾಮ ಬೇಸರದಲ್ಲಿ.

ರಾಮಪ್ರಸಾದ ಒಂದು ಕ್ಷಣ ಯೋಚಿಸಿದ. "ಹೊಸದಾಗಿ ಆಗಿರೋದಾ ಸಾರ್?"

"ಏನು ಹೊಸದು? ಸೃಷ್ಟಿಯಾದಾಗಿನಿಂದ ಇದೆ."

"ಅಲ್ಲ ಸಾರ್, ಚಿಟ್ಟೆ ಸೆಕ್ಷನ್ನಿನವರು ಭೂಮಿ ಯಾಕೆ ತಗೋತಾರೆ?"

"ಭೂಮಿ ಯಾರಿಗ್ರೀ ಬೇಕು?" ಎಂದ ಸೇತುರಾಮ. "ನಾನು ಫೋಟೋ ತೆಗೆಯೋಕೆ ಬಂದವನು. ಚಿಟ್ಟೆ ಫೋಟೋ. ಕ್ಯಾಲೆಂಡರಿಗೆ. ಈ ಮಹಾನುಭಾವರು ನನ್ನ ಹುಳಾನೆಲ್ಲ ಹೆಕ್ಕಿ ಬಿಸಾಡಿದ್ದಾರೆ."

ಎಲ್ಲರೂ ಒಮ್ಮೆ ಬೂದಿ ಬಿದ್ದ ಎಲೆಗಳನ್ನು ನೋಡಿದರು. ಮೊದಲು ಮಾತಾಡಿದ್ದು ಮುನಿಲಕ್ಷ್ಮಮ್ಮ.

"ಅಂಗಾರೆ ತ್ವಾಟ ತೆಗೆಯಾಕಿಲ್ವಾ?"

"ತೋಟ ಯಾಕೆ ತೆಗೀಲಿ ಅಮ್ಮ? ಫೋಟೋ ತೆಗೀತೀನಿ ಅಂತ ಮೊದಲ ದಿನಾನೇ ಹೇಳಿದ್ನಲ್ಲ."

"ಪೋಟೋ ಅಂತ ಏಳ್ಲಿಲ್ಲ ನೀನು." ಸಾಮಿ ಹೋಗಿ ನೀನು ಬಂದಿತ್ತು. "ತೆಗೀತೀನಿ ಅಂದೆ. ಬರೇ ತೆಗೀತೀನಿ ಅಂದೆ."

ಸೇತುರಾಮ ನೆನಪು ಮಾಡಿಕೊಂಡ. ಹೌದು, ಹಾಗೇ ಅಂದಿದ್ದ. ಎಲ್ಲರೂ ಒಟ್ಟಿಗೆ ರಾಮಪ್ರಸಾದನ ಕಡೆ ತಿರುಗಿದರು. ಅವನು ಹೆದರಿ ಚೀಲದಿಂದ ನಕ್ಷೆ ತೆಗೆದು ನೆಲದ ಮೇಲೆ ಹರಡಿದ. ಈ ಸಲದ ಗೆರೆ ಕೆರೆಯ ಆಚೆ ಬನಶಂಕರಿಯ ಕಡೆ ಹೋಗಿತ್ತು. ತೋಟ ಅದರಲ್ಲಿ ಇರಲೇ ಇಲ್ಲ.

"ಮುಂದಿನ ಸಲ?" ಎಂದ ತಿಮ್ಮರಾಯಪ್ಪ.

"ಅದು ನನಗೆ ಗೊತ್ತಿಲ್ಲಣ್ಣ. ಈ ಸಲ ಇಲ್ಲ."

ಈ ಸಲ ಇಲ್ಲ ಎಂಬುದು ಯಡಿಯೂರಿನವರು ಬಹಳ ವರ್ಷಗಳಲ್ಲಿ ಕೇಳಿದ ಅತ್ಯಂತ ಒಳ್ಳೆಯ ಮಾತಾಗಿತ್ತು. ಅಲ್ಲಲ್ಲಿ ಬೀಡಿ ಹೊತ್ತಿದವು. ಬೈರಣ್ಣ ಯಂತ್ರವನ್ನು ಮರ್ಯಾದೆಯಿಂದ ಇಳಿಸಿ ಅದರ ಕಾಲಿನ ಮಣ್ಣು ಒರೆಸಿದ.

"ದೂರು ಕೊಟ್ಟೋರು ಯಾರ್ರೀ?" ಎಂದು ಸೇತುರಾಮ ಕೇಳಿದ.

"ನಿವೃತ್ತ ಅಮಲ್ದಾರ್ ಪರಮಶಿವಯ್ಯ ಅಂತ ರುಜು ಇದೆ ಸಾರ್."

"ನಮ್ಮ ಪಕ್ಕದ ಮನೆಯವರೇ" ಎಂದ ಸೇತುರಾಮ, ಮುಖ ಅರಳಿಸಿ. "ಬಹಳ ದೊಡ್ಡ ಮನುಷ್ಯರು. ನನ್ನ ಕೆಲಸ ಸರ್ಕಾರಕ್ಕೂ ತಿಳೀಲಿ ಅಂತ ಬರೆದಿದ್ದಾರೆ. ನನಗೊಂದು ಮಾತು ಹೇಳಿಲ್ಲ ನೋಡಿ."

ರಾಮಪ್ರಸಾದ ಏನೋ ಹೇಳಲು ಬಾಯಿ ತೆರೆದು, ಕೆಲಸಕ್ಕೆ ಸೇರಿ ಎರಡೇ ತಿಂಗಳಾದದ್ದನ್ನು ನೆನೆದು, ಮುಚ್ಚಿದ.

"ಅದೆಲ್ಲ ಇರಲಿ" ಎಂದು ಸೇತುರಾಮ ಎದ್ದ. "ಹೆಕ್ಕಿದ ಹುಳ ಏನು ಮಾಡಿದ್ರಿ?"

ತಿಮ್ಮರಾಯಪ್ಪ ತಾಯಿಯ ಮುಖ ನೋಡಿದ. ತಾಯಿ ಹಲಸಿನ ಮರದ ತುದಿ ನೋಡಿದಳು.

"ಅಮ್ಮ, ಸಾಯಿಸಿಬಿಟ್ರಾ?"

"ಶ್ರಾವಣದಾಗೆ ಯಾರಾನಾ ಜೀವ ತೆಗೀತಾರಾ? ಕುಕ್ಕೆಗೆ ಆಕ್ಕಂಡೆ."

"ಕುಕ್ಕೆ ಎಲ್ಲಿದೆ?"

ಮುನಿಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡಳು. ಬೈರಣ್ಣನ ಕಣ್ಣು ನಿಧಾನವಾಗಿ ಕಿರಿದಾಯಿತು.

"ಅತ್ತಿಗೆ" ಎಂದ. "ಓದ ವಾರ ನಮ್ಮ ಕರಿಬೇವಿಗೆಲ್ಲಾ ಒಂದೇ ದಿನ ಉಳ ಬಿತ್ತು. ಅಮ್ಮನೋರ ಸಾಪ ಅಂತ ನಾನು ಕೋಳಿ ಅರಕೆ ಒತ್ತೆ."

"ನಿನ್ನ ಅರಕೆ ನಿಂದು, ನಾನ್ಯಾಕೆ ಬ್ಯಾಡ ಅನ್ಲಿ" ಎಂದಳು ಮುನಿಲಕ್ಷ್ಮಮ್ಮ.

"ಉಳ ಸಾಯ್ಸಾಕೆ ನಿಂಗೆ ಮನಸ್ಸು ಬರ್ಲಿಲ್ಲ. ಮೈದುನನ್ನ ಸಾಯ್ಸಾಕೆ ಬಂತು."

"ನೀನು ಎಮ್ಮೆ ಕೊಂಬಿನ ಲಾಡಿ ಬಿಚ್ಚಿ ನಮ್ಮ ಕೊಟ್ಟಿಗೆಗೆ ಕಟ್ಟಾಕೆ ಬಂದಿದ್ದು ನಾನು ನೋಡಿಲ್ವಾ? ನಾನೇ ತಿರ್ಗಾ ಅಲ್ಲೇ ಕಟ್ಟಿ ಬಂದೆ."

ಜಗಳ ಮುಂದುವರಿಯುತ್ತಿತ್ತು, ಕೇಳುವವರಿದ್ದರೆ. ಆದರೆ ಸೇತುರಾಮ ಆಗಲೇ ಬೇಲಿ ಹಾರಿದ್ದ. ಅವನ ಹಿಂದೆ ಊರು, ಊರಿನ ಹಿಂದೆ ರಾಮಪ್ರಸಾದ. ಬೈರಣ್ಣನ ಹಿತ್ತಲಿನಲ್ಲಿ ಹದಿನಾಲ್ಕು ಕರಿಬೇವಿನ ಗಿಡ ಇದ್ದವು. ಎಲೆ ಅರ್ಧ ಖಾಲಿಯಾಗಿತ್ತು. ಕಡ್ಡಿಕಡ್ಡಿಗೂ ಹಸಿರು ಗೂಡು ಸೊಂಟಕ್ಕೆ ದಾರ ಕಟ್ಟಿಕೊಂಡು ಒರಗಿತ್ತು. ಸೇತುರಾಮ ಮೂವತ್ತರ ತನಕ ಎಣಿಸಿ, ಎಣಿಸುವುದನ್ನು ಬಿಟ್ಟು, ಬೈರಣ್ಣನನ್ನು ತಬ್ಬಿಕೊಂಡ. ಬೈರಣ್ಣನನ್ನು ಅವನ ಹೆಂಡತಿಯೂ ನಾಲ್ಕು ಜನರ ಎದುರು ಮುಟ್ಟಿರಲಿಲ್ಲ. ಅವನು ಕೈ ಎಲ್ಲಿಡುವುದೆಂದು ತಿಳಿಯದೆ ಮೇಲಕ್ಕೆತ್ತಿಕೊಂಡು ನಿಂತ.

ಮುಂದಿನ ಹನ್ನೊಂದು ದಿನ ಸೇತುರಾಮನಿಗೆ ಕಾಮಾಲೆಯಾಗಿದೆ ಎಂದು ಕಚೇರಿಗೆ ಅರ್ಜಿ ಹೋಯಿತು. ಬೆಳಗಾಗುವಾಗ ಯಡಿಯೂರಿನಲ್ಲಿ ಇರುತ್ತಿದ್ದ. ಗೂಡುಗಳು ಒಂದೊಂದಾಗಿ ಬಿರಿದವು. ಊರಿನವರು ಬಂದು ಕೂತು ನೋಡುತ್ತಿದ್ದರು. ಹುಳ ಎಂದು ಹೆಕ್ಕಿದ್ದು ಹೀಗೆ ರೆಕ್ಕೆ ಬಿಚ್ಚುತ್ತದೆಂದು ತಿಮ್ಮರಾಯಪ್ಪ ನಲವತ್ತು ವರ್ಷ ನಿಂಬೆತೋಟ ಮಾಡಿಯೂ ನೋಡಿರಲಿಲ್ಲ. ಹತ್ತು ಪ್ಲೇಟು ಆಯಿತು. ಹನ್ನೊಂದನೆಯ ದಿನ ಗಾಳಿ ಎದ್ದಿತು. ಹೊಸ ಚಿಟ್ಟೆ ಕೂತ ಕಡ್ಡಿ ತೊಯ್ದಾಡುತ್ತಿತ್ತು. ಸೇತುರಾಮ ಮುಸುಕಿನೊಳಗಿಂದ ಗಾಳಿಯನ್ನು ಬೈಯುತ್ತಿದ್ದ.

"ತಾ ಇಲ್ಲಿ" ಎಂದು ಮುನಿಲಕ್ಷ್ಮಮ್ಮ ಕಡ್ಡಿ ಮುರಿದು ಕೈಯಲ್ಲಿ ಹಿಡಿದು ಗೋಡೆಯ ಮರೆಗೆ ನಿಂತಳು. ಚಿಟ್ಟೆ ಕಡ್ಡಿಯಿಂದ ಅವಳ ಬೆರಳಿಗೆ ಬಂತು. ಮೊಣಕೈ ದಾಟಿತು, ಹೆಗಲು ಹತ್ತಿತು, ಕಿವಿಯ ಪಕ್ಕದಿಂದ ಮೇಲೇರಿ ನೆರೆತ ಕೂದಲಿನ ಮೇಲೆ ನಿಂತು ರೆಕ್ಕೆ ಹರಡಿತು.

"ಅಜ್ಜಿ, ಹಾಗೇ ಇರಿ."

ಸೇತುರಾಮ ಮುಚ್ಚಳ ತೆಗೆದ. ಒಂದು, ಎರಡು, ಮೂರು. ಮುನಿಲಕ್ಷ್ಮಮ್ಮ ರೆಪ್ಪೆಯನ್ನೂ ಮಿಟುಕಿಸಲಿಲ್ಲ.

"ತಲೆ ಮ್ಯಾಲೆ ಕೂತೈತಾ?" ಎಂದಳು ಆಮೇಲೆ.

"ಕೂತಿದೆ ಅಜ್ಜಿ. ತೆಗೀಲಾ?"

"ಎಂಗ್ ಕಾಣ್ತೈತೆ?"

"ಹೂವು ಮುಡಿದ ಹಾಗಿದೆ."

"ಇರ್ಲಿ ಬುಡು" ಎಂದಳು ಮುನಿಲಕ್ಷ್ಮಮ್ಮ. "ಆಯಪ್ಪ ಓದ ಮ್ಯಾಲೆ ತಲೆಗೆ ಊವ ಸೋಕ್ಸಿಲ್ಲ. ಮೂವತ್ತು ವರ್ಸ ಆಯ್ತು. ಅದೇ ಬಂದು ಕೂತ್ರೆ ನಾನೇನ್ ಮಾಡ್ಲಿ?"

ಸೇತುರಾಮ ಮುಸುಕಿನ ಬಟ್ಟೆ ಮಡಿಸಿ ಹೆಗಲ ಮೇಲೆ ಹಾಕಿಕೊಂಡ. ಚಿಟ್ಟೆ ತಾನಾಗಿ ಹಾರುವ ತನಕ ಮುದುಕಿ ನಿಂತಿದ್ದಳು, ಅವನೂ ನಿಂತಿದ್ದ.

ಚಕ್ರಪಾಣಿಯವರು ಆ ಫೋಟೋವನ್ನು ಜನವರಿಗೇ ಹಾಕಿದರು. ಪ್ರೆಸ್ಸಿನವರು ಸೀರೆಗೆ ಗುಲಾಬಿ ಬಣ್ಣ ಹಚ್ಚಿದರು. ಉಳಿದ ಹನ್ನೊಂದು ತಿಂಗಳು ಯಾರೂ ತಿರುವಿ ನೋಡಲಿಲ್ಲ. ಮಾರ್ಚಿ ಬಂದರೂ ಅಂಗಡಿಗಳಲ್ಲಿ ಜನವರಿಯೇ ತೂಗುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ವಿಲ್ಸನ್ ಗಾರ್ಡನ್ನಿನಿಂದ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಗಂಡು ನೋಡುತ್ತಿದ್ದರು. ಫೋಟೋದಲ್ಲಿ ಜಡೆಯ ಮೇಲೆ ಒಂದು ಚಿಟ್ಟೆ ಇರಬೇಕು. ಆ ಗಂಡು ಒಪ್ಪಿದ. ಅಲ್ಲಿಂದ ಭಾನುವಾರ ಬಂದರೆ ಸೇತುರಾಮನ ಗೇಟಿನ ಮುಂದೆ ಕುದುರೆಗಾಡಿ ನಿಲ್ಲತೊಡಗಿತು. ಕಾತ್ಯಾಯಿನಿ ಪೊರಕೆ ಮೂಲೆಗೆ ಇಟ್ಟು ಹಿತ್ತಲಿನಲ್ಲಿ ಇಪ್ಪತ್ತು ಕುಂಡ ಕರಿಬೇವು ಬೆಳೆಸಿದಳು. ಯಾವ ಗೂಡು ಯಾವತ್ತು ಬಿರಿಯುತ್ತದೆಂದು ಅವಳು ನೋಡಿದರೇ ಹೇಳುತ್ತಿದ್ದಳು. "ಸತ್ಯಭಾಮಾ, ನಿನ್ನದು ಗುರುವಾರ, ಬೆಳಿಗ್ಗೆ ಏಳಕ್ಕೆ ತಲೆ ಬಾಚಿಕೊಂಡು ಬಾ" ಎಂದು ಹೆಣ್ಣುಮಕ್ಕಳಿಗೆ ದಿನ ಗೊತ್ತುಮಾಡುತ್ತಿದ್ದಳು. ಹುಳ ಸಾಲದೆ ಹೋದಾಗ ಬೈರಣ್ಣ ಎಲೆ ಸಮೇತ ತಂದುಕೊಟ್ಟು, ಎಲೆಗೊಂದಾಣೆ ಎಣಿಸಿಕೊಂಡು ಹೋಗುತ್ತಿದ್ದ. ಬೂದಿ ಎರಚಿದ ತೋಟದಲ್ಲಿ ಆ ವರ್ಷ ಹುಳ ಬೀಳಲಿಲ್ಲ ಎಂಬ ಕೊರಗು ತಿಮ್ಮರಾಯಪ್ಪನಿಗೆ ಇದ್ದೇ ಇತ್ತು.

ಇದನ್ನೆಲ್ಲ ಪರಮಶಿವಯ್ಯನವರು ಆರಾಮಕುರ್ಚಿಯಿಂದ ನೋಡುತ್ತಿದ್ದರು. ದೂರಿಗಾಗಿ ಸೇತುರಾಮ ಮನೆಗೇ ಬಂದು ಕಾಲಿಗೆ ಬಿದ್ದು ವಂದನೆ ಹೇಳಿ ಹೋಗಿದ್ದ. ಅವರ ಇಡೀ ಸೇವಾವಧಿಯಲ್ಲಿ ಯಾವ ಆರೋಪಿಯೂ ಹಾಗೆ ಮಾಡಿರಲಿಲ್ಲ. ಅವರು ಎರಡು ತಿಂಗಳು ಯೋಚಿಸಿದರು. ಆಮೇಲೆ ಒಂದು ದಿನ ಬೆಳಿಗ್ಗೆ ಕರಿಯ ಕೋಟು, ಜರಿ ರುಮಾಲು, ಬಿಳಿ ಕಚ್ಚೆಪಂಚೆಯಲ್ಲಿ ಗೇಟು ತೆಗೆದು ಒಳಗೆ ಬಂದರು.

"ನನ್ನದೂ ಒಂದು ಆಗಲಿ ಸೇತುರಾಮ. ಆದರೆ ತಲೆ ಮೇಲೆ ಬೇಡ. ಹೆಂಗಸರ ಹಾಗೆ ಕಾಣುತ್ತೆ. ಇಲ್ಲಿ, ಎದೆ ಮೇಲೆ, ಪದಕ ಇರೋ ಜಾಗದಲ್ಲಿ."

ಕಾತ್ಯಾಯಿನಿ ಒಂದು ಹೊಸ ಚಿಟ್ಟೆಯನ್ನು ಬೆರಳ ಮೇಲೆ ತಂದು ಕೋಟಿಗೆ ಹತ್ತಿಸಿದಳು. ಅದು ಜೇಬಿನ ಅಂಚು ಹಿಡಿದು ನಿಂತಿತು.

"ಅಲ್ಲಾಡಕೂಡದು" ಎಂದರು ಪರಮಶಿವಯ್ಯನವರು, ಚಿಟ್ಟೆಗೆ.

"ನೀವೂ ಅಷ್ಟೇ ಸಾರ್" ಎಂದ ಸೇತುರಾಮ ಮುಸುಕಿನೊಳಗಿಂದ. ಮುಚ್ಚಳ ತೆಗೆದ. "ಒಂದು..."

ಪರಮಶಿವಯ್ಯನವರು ಚಿಟ್ಟೆ ಆಜ್ಞೆ ಪಾಲಿಸುತ್ತಿದೆಯೇ ಎಂದು ಕೆಳಗೆ ನೋಡಿದರು.

"ಎರಡು..."

ಕಾತ್ಯಾಯಿನಿ ನೋಡುತ್ತಿದ್ದಾಳೆಯೇ ಎಂದು ಆ ಕಡೆ ನೋಡಿದರು.

"ಮೂರು."

"ಆಯ್ತಾ?" ಎಂದರು. ಆದರೆ ಅದನ್ನು ಅವರು ಎರಡಕ್ಕೂ ಮೂರಕ್ಕೂ ನಡುವೆಯೇ ಅಂದಿದ್ದರು.

ನಾಲ್ಕು ದಿನ ಬಿಟ್ಟು ಸೇತುರಾಮ ಫೋಟೋವನ್ನು ಗಾಜು ಹಾಕಿಸಿ ತಾನೇ ಒಯ್ದು ಕೊಟ್ಟ. ಅಂಥ ಒಳ್ಳೆಯ ಪ್ಲೇಟನ್ನು ತಾನು ಇದುವರೆಗೆ ತೆಗೆದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದ. ಪರಮಶಿವಯ್ಯನವರು ಕನ್ನಡಕ ಏರಿಸಿ ಬೆಳಕಿಗೆ ಹಿಡಿದು ನೋಡಿದರು. ಚಿಟ್ಟೆಯ ರೆಕ್ಕೆಯ ನರ ನರವೂ ಎಣಿಸುವ ಹಾಗೆ ಬಂದಿತ್ತು, ಅದರ ಮೀಸೆಯ ತುದಿಯ ಗುಂಡೂ ಬಂದಿತ್ತು. ಅದರ ಸುತ್ತ ಮೋಡ ಕವಿದ ಹಾಗೆ ಏನೋ ಇತ್ತು. ಮೋಡದ ಮೇಲೆ ಎರಡು ರುಮಾಲು ತೇಲುತ್ತಿದ್ದವು. ಅವರು ಬಹಳ ಹೊತ್ತು ನೋಡಿದರು. ತಿರುಗಿಸಿ ಹಿಂಭಾಗವನ್ನೂ ನೋಡಿದರು.

"ಇದರಲ್ಲಿ ನಾನೆಲ್ಲಿದ್ದೀನಯ್ಯಾ?"

ಸೇತುರಾಮ ಬಗ್ಗಿ, ಗಾಜಿಗೆ ತಾಕದ ಹಾಗೆ ಬೆರಳಿಟ್ಟು ತೋರಿಸಿದ.

"ಚಿಟ್ಟೆ ಕೂತಿದೆಯಲ್ಲ ಸಾರ್, ಅದರ ಕೆಳಗೆ."